ಗೇಮ್ ನಮ್ಮ ಕೈಲಿ ಏನ್ ಮಾಡಿಸತ್ತೆ? ವಿಮರ್ಶೆ ಬರೆಯೋ ನನ್ನ ಅನುಭವ

ನಾನು ಗೇಮ್‌ಗಳ ಬಗ್ಗೆ ಕನ್ನಡದಲ್ಲಿ ಬರೆಯೋಕೆ ಶುರು ಮಾಡಿ ಸುಮಾರು ವರ್ಷ ಆಯ್ತು. ಪಿಸಿ, ಕನ್ಸೋಲು, ಮೊಬೈಲು, ಹೊಸದು ಹಳೇದು ಎಲ್ಲಾ ಬರೀತೀನಿ. ಜನ ಕೇಳೋ ಪ್ರಶ್ನೆ ಮಾತ್ರ ಯಾವಾಗ್ಲೂ ಅದೇ, ಗ್ರಾಫಿಕ್ಸ್ ಸೂಪರ್, ಸ್ಟೋರಿ ಓಕೆ, ಹತ್ತಕ್ಕೆ ಎಂಟು ಅಂದ್ರೆ ಮುಗೀತಲ್ಲ, ಅಷ್ಟುದ್ದ ಬರೆಯೋಕೆ ಏನಿರತ್ತೆ ಅಂತ. ತುಂಬಾ ಇರತ್ತೆ. ಹೇಗೆ ಬರೀತೀನಿ ಅಂತ ಹೇಳಿದ್ರೆ ಯಾರಿಗಾದ್ರೂ ಉಪಯೋಗ ಆಗ್ಬೋದು, ಕನ್ನಡದಲ್ಲಿ ಇನ್ನೊಂದಷ್ಟು ಜನ ಬರೆಯೋ ಹಾಗಾದ್ರೆ ನನಗಂತೂ ಖುಷಿ.

ಮೊದಲ ಒಂದೆರಡು ಗಂಟೆ ಆಡುವಾಗ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಕೊಂಡಿರ್ತೀನಿ, ಅದರಲ್ಲಿ ಕಥೆ ಬರೆಯಲ್ಲ, ಗ್ರಾಫಿಕ್ಸ್ ಬಗ್ಗೆ ಬರೆಯಲ್ಲ, ನನ್ನ ಕೈ ಏನ್ ಮಾಡ್ತಿದೆ ಅಂತ ಅಷ್ಟೇ ಬರೀತೀನಿ. ಓಡಿದೆ, ಹಾರಿದೆ, ಡ್ರಾಯರ್ ತೆಗೆದೆ, ಮೆನು ಓಪನ್ ಮಾಡಿ ಕತ್ತಿ ಬದಲಾಯಿಸ್ದೆ, ಕಾದೆ, ಕಾದೆ, ಮತ್ತೆ ಕಾದೆ. ಆಮೇಲೆ ಆ ಪಟ್ಟಿ ಓದಿದ್ರೆ ಗೇಮ್ ನಿಜವಾಗ್ಲೂ ಏನು ಅಂತ ಗೊತ್ತಾಗತ್ತೆ. ಟ್ರೇಲರಲ್ಲಿ ಸಾಹಸ ಅಂತ ಹೇಳಿರ್ತಾರೆ, ನೋಟ್‌ಬುಕ್ಕಲ್ಲಿ ನೋಡಿದ್ರೆ ಮುಕ್ಕಾಲು ಪಾಲು ಮ್ಯಾಪಲ್ಲಿರೋ ಐಕಾನ್ ಹತ್ರ ಹೋಗಿ ಬಟನ್ ಒತ್ತಿರೋದೇ ಇರತ್ತೆ. ವಿಮರ್ಶೆ ಶುರು ಆಗೋದು ಅಲ್ಲಿಂದ.

ರೆಡ್ ಡೆಡ್ ರಿಡೆಂಪ್ಷನ್ 2 ತಗೊಳ್ಳಿ. 2018ರಲ್ಲಿ ಬಂತು, ಪಿಸಿಗೆ ಒಂದು ವರ್ಷ ಆದ್ಮೇಲೆ ಬಂತು, ಅದನ್ನ ಮಾಡಿದ ಸ್ಟುಡಿಯೋಗಳ ಪಟ್ಟಿಯಲ್ಲಿ ಬೆಂಗಳೂರಿನ ರಾಕ್‌ಸ್ಟಾರ್ ಇಂಡಿಯಾ ಕೂಡ ಇದೆ. ಇದರಲ್ಲಿ ನಾವು ಆಡಿಸೋ ದರೋಡೆಕೋರ ಆರ್ಥರ್ ಒಂದು ಮನೆಗೆ ನುಗ್ಗಿದ್ರೆ ಬೀರು ಬಾಗಿಲು ತೆಗಿಯೋದಕ್ಕೆ ಒಂದು ಸಲ, ಒಳಗಿರೋ ಡಬ್ಬ ತಗೊಳ್ಳೋದಕ್ಕೆ ಒಂದು ಸಲ ಬಟನ್ ಹಿಡೀಬೇಕು, ಅವನು ಬಗ್ಗಿ, ಕೈ ಚಾಚಿ, ತಗೊಂಡು, ಚೀಲಕ್ಕೆ ಹಾಕ್ಕೊಳ್ಳೋದು ಪೂರ್ತಿ ಕಾಣತ್ತೆ. ಜಿಂಕೆ ಹೊಡೆದ್ರೆ ಚರ್ಮ ಸುಲಿಯೋದು ಪೂರ್ತಿ ನೋಡ್ಬೇಕು, ಆಮೇಲೆ ಅದನ್ನ ಹೊತ್ಕೊಂಡು ಹೋಗಿ ಕುದುರೆ ಮೇಲೆ ಹಾಕ್ಬೇಕು. ತುಂಬಾ ಜನಕ್ಕೆ ಇದು ಬೋರು. ನನಗೆ ಆ ನಿಧಾನ ಇಷ್ಟ ಆಯ್ತು, ಯಾಕಂದ್ರೆ ಆ ಭಾರ ಕೈಗೆ ತಗುಲತ್ತೆ, ಸುಮ್ನೆ ಸಿಕ್ಕಿದ್ದೆಲ್ಲಾ ಬಾಚ್ಕೊಂಡು ಹೋಗೋಕಾಗಲ್ಲ, ಈ ಪೆಟ್ಟಿಗೆ ತೆಗೀಬೇಕಾ ಬೇಡ್ವಾ ಅಂತ ಯೋಚನೆ ಮಾಡ್ತೀವಿ. ಆದ್ರೆ ಅದೇ ಗೇಮಲ್ಲಿ ಮೇನ್ ಮಿಷನ್ ಶುರು ಆದ ತಕ್ಷಣ ಎಲ್ಲಾ ಬದಲಾಗತ್ತೆ. ಸ್ಕ್ರೀನ್ ಕೆಳಗೆ ಎಲ್ಲಿಗೆ ಹೋಗು ಅಂತ ಬರತ್ತೆ, ಗುಡ್ಡದ ಹಿಂದಿಂದ ಬರೋಣ ಅಂತ ಸ್ವಲ್ಪ ಪಕ್ಕಕ್ಕೆ ಹೋದ್ರೂ ಮಿಷನ್ ಫೇಲ್. ಹೊರಗೆ ಅಷ್ಟು ಸ್ವಾತಂತ್ರ್ಯ ಕೊಟ್ಟ ಗೇಮು ಕಥೆ ಹೇಳೋ ಹೊತ್ತಲ್ಲಿ ಆಟಗಾರನ್ನ ನಂಬೋದೇ ಇಲ್ಲ. ನಾನು ಆ ಗೇಮ್ ಬಗ್ಗೆ ಬರೆದಾಗ ಕುದುರೆ ರೋಮ, ಹಿಮದಲ್ಲಿ ಹೆಜ್ಜೆ ಗುರುತು ಎಲ್ಲಾ ಒಂದು ಸಾಲಲ್ಲಿ ಮುಗಿಸಿ ಉಳಿದ ಜಾಗ ಪೂರ್ತಿ ಈ ಜಗಳಕ್ಕೆ ಕೊಟ್ಟೆ, ಇವತ್ತು ಬರೆದ್ರೂ ಹಾಗೇ ಬರೀತೀನಿ.

ಎಲ್ಲಾ ಗೇಮ್‌ಗೂ ಒಂದೇ ಅಳತೆಗೋಲು ಇಡ್ಕೊಂಡು ಹೋಗೋಕೆ ಆಗಲ್ಲ. ರಿಟರ್ನ್ ಆಫ್ ದಿ ಒಬ್ರಾ ಡಿನ್‌ಗೆ ಆಕ್ಷನ್ ಕಮ್ಮಿ ಅಂತ ಬೈದ್ರೆ ಅರ್ಥ ಇಲ್ಲ. 2018ರ ಗೇಮ್ ಅದು, ಲ್ಯೂಕಸ್ ಪೋಪ್ ಮಾಡಿದ್ದು, ಎರಡೇ ಬಣ್ಣದ ಚಿತ್ರ. 1807ರಲ್ಲಿ ಯಾರೂ ಇಲ್ಲದ ಹಡಗು ಒಂದು ದಡಕ್ಕೆ ಬರತ್ತೆ, ನಾವು ಈಸ್ಟ್ ಇಂಡಿಯಾ ಕಂಪನಿಯ ಇನ್ಶುರೆನ್ಸ್ ಕಡೆಯವರು, ಅದರಲ್ಲಿದ್ದ 60 ಜನ ಏನಾದ್ರು, ಹೇಗೆ ಸತ್ರು, ಯಾರು ಕೊಂದ್ರು ಅಂತ ಪುಸ್ತಕದಲ್ಲಿ ತುಂಬ್ಬೇಕು. ಆ ಪಟ್ಟಿಯಲ್ಲಿ ನಮ್ಮ ದೇಶದ ನಾವಿಕರೂ ಇದಾರೆ. ಇಲ್ಲಿ ಕೈಗೆ ಕೆಲಸ ಕಮ್ಮಿ, ಕಣ್ಣಿಗೆ ಕಿವಿಗೆ ಜಾಸ್ತಿ. ಮಲಗೋ ಹ್ಯಾಮಕ್ ಮೇಲಿನ ನಂಬರು, ಕಾಲಲ್ಲಿರೋ ಶೂ, ಮಾತಾಡೋ ಧಾಟಿ, ಇಂಥಾದ್ರಿಂದ ಹೆಸರು ಹಿಡೀಬೇಕು. ಇದರಲ್ಲಿ ನನಗೆ ತುಂಬಾ ಇಷ್ಟ ಆದದ್ದು ಒಂದು ಸಣ್ಣ ನಿಯಮ, ಮೂರು ಜನರ ವಿವರ ಸರಿಯಾಗಿ ಬರೆದ ಮೇಲೆ ಮಾತ್ರ ಅದು ಸರಿ ಅಂತ ಪುಸ್ತಕ ಒಪ್ಪತ್ತೆ, ಒಬ್ಬೊಬ್ರಿಗೇ ಒಪ್ಪಲ್ಲ. ಒಬ್ಬೊಬ್ರಿಗೇ ಒಪ್ಪೋ ಹಾಗಿದ್ರೆ ಎಲ್ಲರೂ ಹೆಸರು ಬದಲಾಯಿಸ್ತಾ ಬದಲಾಯಿಸ್ತಾ ಗೆಸ್ ಮಾಡ್ಬಿಡೋರು, ಪತ್ತೇದಾರಿ ಅನ್ನೋದು ಅಲ್ಲಿಗೇ ಸತ್ತೋಗ್ತಿತ್ತು. ಇಂಥ ಒಂದು ನಿಯಮ ಹುಡುಕಿ ತೆಗೆದು ಓದುಗರಿಗೆ ತೋರಿಸಿದ್ರೆ ಅದು ಹತ್ತಕ್ಕೆ ಒಂಬತ್ತು ಅನ್ನೋದಕ್ಕಿಂತ ಎಷ್ಟೋ ಜಾಸ್ತಿ ಹೇಳತ್ತೆ.

ಅದೇ ಥರ ಸೆಲೆಸ್ಟ್. ಬೆಟ್ಟ ಹತ್ತೋ ಪ್ಲಾಟ್‌ಫಾರ್ಮರ್, ಅಂದ್ರೆ ಹಾರಿ ಹಾರಿ ದಾಟ್ಕೊಂಡು ಹೋಗೋ ಗೇಮು, ಇದೂ 2018ರದ್ದೇ. ಎಲ್ಲರೂ ಕಷ್ಟ ಕಷ್ಟ ಅಂತಾರೆ, ಒಂದೊಂದು ರೂಮಲ್ಲಿ ಲೆಕ್ಕ ಇಲ್ಲದಷ್ಟು ಸಲ ಸಾಯ್ತೀವಿ ನಿಜ. ಆದ್ರೂ ಯಾಕೆ ಸಿಟ್ಟು ಬರಲ್ಲ ಅಂತ ತಿಳ್ಕೊಳ್ಳೋದಕ್ಕೆ ನಾನು ನನ್ನ ಆಟ ರೆಕಾರ್ಡ್ ಮಾಡಿ ಒಂದೊಂದೇ ಫ್ರೇಮ್ ಮುಂದೆ ತಳ್ತಾ ನೋಡ್ದೆ. ನಾವು ಆಡಿಸೋ ಹುಡುಗಿ ಮ್ಯಾಡಲಿನ್ ಕಾಲು ಅಂಚು ಬಿಟ್ಟು ಹೊರಗೆ ಹೋಗಿದೆ, ಕೆಳಗೆ ಗಾಳಿ, ಆಮೇಲೆ ನಾನು ಜಂಪ್ ಒತ್ತಿದ್ದು, ಆದ್ರೂ ಅವಳು ಹಾರಿದ್ಲು. ಇದಕ್ಕೆ ಕೊಯೋಟಿ ಟೈಮ್ ಅಂತಾರೆ, ಅಂಚು ದಾಟಿದ ಮೇಲೂ ಕೆಲವು ಫ್ರೇಮ್ ಗೇಮ್ ನಮ್ಮನ್ನ ಕ್ಷಮಿಸತ್ತೆ. ನೆಲ ಮುಟ್ಟೋಕೆ ಸ್ವಲ್ಪ ಮುಂಚೆನೇ ಬಟನ್ ಒತ್ತಿಬಿಟ್ರೂ ಅದನ್ನ ನೆನಪಿಟ್ಕೊಂಡು ನೆಲ ಮುಟ್ಟಿದ ತಕ್ಷಣ ಹಾರಿಸತ್ತೆ. ಆಡೋರಿಗೆ ಇದು ಗೊತ್ತೇ ಆಗಲ್ಲ, ನಾನ್ ಚೆನ್ನಾಗ್ ಆಡ್ದೆ ಅಂತಷ್ಟೇ ಅನ್ಸತ್ತೆ. ಸತ್ರೆ ಮರುಕ್ಷಣ ಅದೇ ರೂಮಲ್ಲಿ ಮತ್ತೆ ಶುರು, ಲೋಡಿಂಗ್ ಇಲ್ಲ, ಗೇಮ್ ಓವರ್ ಬೋರ್ಡ್ ಇಲ್ಲ. ಕಷ್ಟ ಪೂರ್ತಿ ದಾರಿಯಲ್ಲಿದೆ, ಕಂಟ್ರೋಲಲ್ಲಿ ಇಲ್ಲ. ಹಾಗಾಗಿ ಕಷ್ಟದ ಗೇಮ್ ಬಗ್ಗೆ ಬರೆಯುವಾಗ ನಾನು ಯಾವಾಗ್ಲೂ ಈ ಒಂದು ವಿಷಯ ನೋಡ್ತೀನಿ, ಸತ್ತಾಗ ತಪ್ಪು ಯಾರದ್ದು ಅಂತ ಅನ್ಸತ್ತೆ, ಮತ್ತೆ ಪ್ರಯತ್ನ ಮಾಡೋದಕ್ಕೆ ಎಷ್ಟು ಹೊತ್ತು ಕಾಯಿಸತ್ತೆ.

ಹಳೇ ಗೇಮ್‌ಗಳಿಗೂ ಇದೇ ಕಣ್ಣು. ನನ್ನ ವಯಸ್ಸಿನೋರು ಸೈಬರ್ ಕೆಫೆಯಲ್ಲಿ ಪ್ರಾಜೆಕ್ಟ್ ಐಜಿಐ ಆಡಿರ್ತಾರೆ, 2000ದಲ್ಲಿ ಬಂದ ನಾರ್ವೆ ಸ್ಟುಡಿಯೋದ ಶೂಟಿಂಗ್ ಗೇಮು, ನಮ್ಮ ಕಡೆ ಅದಕ್ಕೆ ಸಿಕ್ಕ ಪ್ರೀತಿ ನೋಡಿದ್ರೆ ಇಲ್ಲೇ ಹುಟ್ಟಿದ್ದೇನೋ ಅನ್ನೋ ಹಾಗಿತ್ತು. ಅದರ ಬಗ್ಗೆ ಬರೀಬೇಕಾದ್ರೆ ಬರೀ ನೆನಪಿನ ಮೇಲೆ ಬರೆಯೋದು ನನಗೆ ಒಪ್ಪಿಗೆ ಇಲ್ಲ, ಮತ್ತೆ ಇನ್‌ಸ್ಟಾಲ್ ಮಾಡಿ ಆಡ್ದೆ. ಮಿಷನ್ ಮಧ್ಯ ಸೇವ್ ಇಲ್ಲ, ಸತ್ರೆ ಆ ಮಿಷನ್ ಮೊದಲಿಂದ. ಇದು ಆಗಿನ ಕಾಲದಲ್ಲೂ ವಿಮರ್ಶಕರು ಬೈದ ವಿಷಯ. ಆದ್ರೆ ಸೇವ್ ಇಲ್ಲದೇ ಇರೋದೇ ಗೇಮಲ್ಲಿ ನಮ್ಮ ಹತ್ರ ಇರೋ ಬೈನಾಕ್ಯುಲರ್‌ಗೆ ಬೆಲೆ ತಂದುಕೊಡ್ತು, ಗುಡ್ಡದ ಮೇಲೆ ಮಲಗಿ ಯಾವ ಟವರಲ್ಲಿ ಯಾರಿದಾನೆ, ಕ್ಯಾಮೆರಾ ಯಾವ ಕಡೆ ತಿರುಗತ್ತೆ, ಅಲಾರಂ ಎಲ್ಲಿದೆ ಅಂತ ನೋಡದೇ ಇಳಿದ್ರೆ ಅರ್ಧ ಗಂಟೆ ಆಟ ಹೋಯ್ತು ಅಂತಾನೇ ಅರ್ಥ. ಕೆಡಿಸಿದ್ದು ಎಐ, ಅಂದ್ರೆ ಶತ್ರುಗಳನ್ನ ನಡೆಸೋ ಕಂಪ್ಯೂಟರ್ ಬುದ್ಧಿ. ಒಬ್ಬ ಗಾರ್ಡ್ ಬಿದ್ದಿರೋದನ್ನ ದಾಟ್ಕೊಂಡು ಇನ್ನೊಬ್ಬ ಏನೂ ಆಗಿಲ್ಲ ಅನ್ನೋ ಹಾಗೆ ಹೋಗ್ತಾನೆ, ಅಲಾರಂ ಆದ್ರೆ ಬ್ಯಾರಕ್ಕಿಂದ ಮಂದೆ ಥರ ಬಂದು ಬಾಗಿಲಲ್ಲೇ ಸಾಯ್ತಾರೆ. ಅಷ್ಟು ದೊಡ್ಡ ಬಯಲು, ಅಷ್ಟು ದೂರದ ಬೆಟ್ಟ, ಪ್ಲ್ಯಾನ್ ಮಾಡು ಅಂತ ಅದೆಲ್ಲಾ ಕರೀತಾ ಇರತ್ತೆ, ಎದುರಾಳಿ ಮಾತ್ರ ಆ ಪ್ಲ್ಯಾನಿಗೆ ತಕ್ಕೋನಲ್ಲ. ನಾನು ಹೀಗೆ ಬರೆದಾಗ ಬಾಲ್ಯದ ಗೇಮಿಗೆ ಬೈತೀಯಾ ಅಂತ ಒಂದಷ್ಟು ಜನಕ್ಕೆ ಕೋಪ ಬಂತು. ಪ್ರೀತಿ ಇದ್ದಿದ್ದಕ್ಕೇ ಅಷ್ಟು ಹತ್ತಿರದಿಂದ ನೋಡಿದ್ದು.

ಕ್ರಿಕೆಟ್ 07 ಕಥೆನೂ ಹಾಗೇ. ಇಎ ಕಂಪನಿ ತಂದ ಕೊನೇ ಕ್ರಿಕೆಟ್ ಗೇಮ್ ಅದು, ರಿಚಿ ಬೆನೊ ಮತ್ತೆ ಮಾರ್ಕ್ ನಿಕೊಲಸ್ ಕಾಮೆಂಟರಿ, ಇವತ್ತಿಗೂ ನಮ್ಮ ಹುಡುಗರು ಹೊಸ ಟೀಮ್, ಹೊಸ ಜರ್ಸಿಯ ಮಾಡ್‌ಗಳನ್ನ (ಆಡೋರೇ ಮಾಡಿದ ಬದಲಾವಣೆಗಳನ್ನ) ಹಾಕ್ಕೊಂಡು ಆಡ್ತಿದಾರೆ. ಬ್ಯಾಟಿಂಗ್ ಮಾಡುವಾಗ ಬಾಲ್ ಎಲ್ಲಿ ಪಿಚ್ ಆಗತ್ತೆ ಅಂತ ಗುರುತು ಕಾಣ್ಸತ್ತೆ, ಹಾಗಾಗಿ ಬೌಲರ್ ಕೈ ಓದೋ ಕೆಲಸನೇ ಇಲ್ಲ, ಟೈಮಿಂಗ್ ಒಂದೇ. ಸಿಮ್ಯುಲೇಷನ್ ಅಂತ ನೋಡಿದ್ರೆ ಇದು ದೊಡ್ಡ ಕೊರತೆ. ಆದ್ರೆ ಇಬ್ಬರು ಒಂದೇ ಕೀಬೋರ್ಡ್ ಹಂಚ್ಕೊಂಡು ಐದು ಓವರ್ ಮ್ಯಾಚ್ ಆಡೋದಕ್ಕೆ ಇದಕ್ಕಿಂತ ಚೆನ್ನಾಗಿ ಕೂತ ಗೇಮ್ ಕ್ರಿಕೆಟ್ಟಲ್ಲಿ ನಾನು ನೋಡಿಲ್ಲ.

ಒಬ್ಬನೇ ಆಡಿ ಬರೆದ್ರೆ ಸಾಕಾಗಲ್ಲ ಅಂತ ನನಗೆ ಗಟ್ಟಿಯಾಗಿ ಅನ್ನಿಸಿದ್ದು ಸ್ಟಾರ್‌ಡ್ಯೂ ವ್ಯಾಲಿಯಿಂದ. ಎರಿಕ್ ಬ್ಯಾರೊನ್ ಒಬ್ಬನೇ ಕೂತು ವರ್ಷಗಟ್ಟಲೆ ಮಾಡಿ 2016ರಲ್ಲಿ ಬಿಡುಗಡೆ ಮಾಡಿದ ಬೇಸಾಯದ ಗೇಮು, ಎಲ್ಲಾ ಕಡೆ ಮನಸ್ಸಿಗೆ ಆರಾಮ ಕೊಡೋ ಗೇಮ್ ಅಂತಾನೇ ಬರ್ದಿರ್ತಾರೆ. ನಮ್ಮಕ್ಕನಿಗೆ ಕೊಟ್ಟು ಏನೂ ಹೇಳದೆ ಪಕ್ಕದಲ್ಲಿ ಕೂತ್ಕೊಂಡೆ. ಅವಳು ಊರಲ್ಲಿ ತೋಟ ನೋಡ್ಕೊಳ್ಳೋಳು. ಗಿಡಕ್ಕೆ ನೀರು ಹಾಕಿದ್ಲು, ಅಂಗಡಿಗೆ ಹೋದ್ಲು, ಬೇಲಿ ಹತ್ರ ಕಲ್ಲು ಒಡೆದ್ಲು, ನೋಡ್ತಾ ನೋಡ್ತಾ ಕತ್ತಲಾಯ್ತು. ಬೆಳಗ್ಗೆ ಆರರಿಂದ ರಾತ್ರಿ ಎರಡರವರೆಗಿನ ಅದರ ಒಂದು ದಿನ ನಮ್ಮ ಲೆಕ್ಕದಲ್ಲಿ 14 ನಿಮಿಷ, ಅಲ್ಲಿನ ಹತ್ತು ನಿಮಿಷ ಅಂದ್ರೆ ನಮಗೆ ಏಳು ಸೆಕೆಂಡು. "ಇದೇನೋ ಇಷ್ಟು ಅವಸರ, ಉಸಿರಾಡೋಕೆ ಬಿಡಲ್ವಲ್ಲೋ ಇದು" ಅಂದ್ಲು. 28 ದಿನದ ಋತು ಮುಗಿಯೋ ಹೊತ್ತಿಗೆ ಕೊಯ್ಲಿಗೆ ಬರದ ಬೆಳೆ ಎಲ್ಲಾ ಒಂದೇ ರಾತ್ರಿ ಒಣಗಿ ಹೋದಾಗ ಅವಳಿಗೆ ನಿಜಕ್ಕೂ ಬೇಜಾರಾಯ್ತು. ಆಮೇಲೆ ಕೂಡ ಆಡೋದು ಬಿಡಲಿಲ್ಲ, ಆದ್ರೆ ಅವಳ ಆಟ ಬದಲಾಯ್ತು, ಗಿಡ ಕಮ್ಮಿ ಹಾಕಿ ನದಿ ಹತ್ರ ಹೋಗೋದು ಜಾಸ್ತಿ ಮಾಡಿದ್ಲು. ನನ್ನ ವಿಮರ್ಶೆಯ ಮುಖ್ಯ ಮಾತು ಅಲ್ಲಿ ಸಿಕ್ತು, ಈ ಗೇಮಲ್ಲಿ ಆರಾಮ ತಾನಾಗೇ ಬರಲ್ಲ, ಗಡಿಯಾರ ಸದಾ ಓಡಿಸ್ತಾನೇ ಇರತ್ತೆ, ಲಾಭ ಬಿಟ್ಟುಕೊಡೋಕೆ ಒಪ್ಪಿದವರಿಗೆ ಮಾತ್ರ ಅದು ಆರಾಮದ ಗೇಮ್ ಆಗತ್ತೆ. ಔಟರ್ ವೈಲ್ಡ್ಸ್ ಕೂಡ ಗಡಿಯಾರ ಇಟ್ಕೊಂಡೇ ಆಡಿಸತ್ತೆ, 22 ನಿಮಿಷಕ್ಕೆ ಸೂರ್ಯ ಸಿಡಿದು ಎಲ್ಲಾ ಮೊದಲಿಂದ ಶುರು, ಆದ್ರೆ ಅಲ್ಲಿ ನಮ್ಮ ಹತ್ರ ಉಳಿಯೋದು ತಿಳ್ಕೊಂಡಿದ್ದು ಮಾತ್ರ, ಕತ್ತಿ ಲೆವೆಲ್ಲು ದುಡ್ಡು ಯಾವುದೂ ಇಲ್ಲ, ಹಾಗಾಗಿ ಹೊತ್ತು ಹಾಳಾಯ್ತು ಅಂತ ಅನ್ಸೋದೇ ಇಲ್ಲ.

ಈಗ ಮೊಬೈಲ್. ಗೇಮ್ ಬಗ್ಗೆ ಬರೆಯೋ ತುಂಬಾ ಜನ ಮೊಬೈಲನ್ನ ಕೀಳಾಗಿ ನೋಡ್ತಾರೆ, ನನಗೆ ಅದು ಸರಿ ಅನ್ಸಲ್ಲ, ನಮ್ಮಲ್ಲಿ ಹೆಚ್ಚು ಜನ ಆಡೋದೇ ಫೋನಲ್ಲಿ. ಕೊನೇವರೆಗೂ ಬದುಕಿದವರು ಗೆಲ್ಲೋ ಶೂಟಿಂಗ್ ಗೇಮ್ ಪಬ್ಜಿ ಮೊಬೈಲ್ 2020ರ ಸೆಪ್ಟೆಂಬರಲ್ಲಿ ಬ್ಯಾನ್ ಆಯ್ತು, 2021ರ ಜುಲೈಲಿ ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ) ಆಗಿ ಬಂತು, 2022ರಲ್ಲಿ ಸ್ಟೋರಿಂದ ಹೋಯ್ತು, 2023ರಲ್ಲಿ ವಾಪಸ್ ಬಂತು, ಇಷ್ಟಾದ್ರೂ ಜನ ಬಿಡಲಿಲ್ಲ ಅಂದ್ರೆ ಅದರಲ್ಲಿ ಏನೋ ಇದೆ. ನಾನು ಅದನ್ನ ಕಡಿಮೆ ಬೆಲೆಯ ಫೋನಲ್ಲೇ ಆಡಿ ಬರೆದೆ, ಗ್ರಾಫಿಕ್ಸ್ ಸ್ಮೂತ್‌ಗೆ ಇಳಿಸಿ, ಯಾಕಂದ್ರೆ ಓದೋರ ಕೈಲಿರೋದು ಆ ಫೋನೇ. ಅಲ್ಲಿ ಗೊತ್ತಾಗತ್ತೆ, ಫ್ರೇಮ್ ರೇಟ್, ಅಂದ್ರೆ ಸೆಕೆಂಡಿಗೆ ಎಷ್ಟು ಚಿತ್ರ ಬರತ್ತೆ ಅನ್ನೋದು, ಅಂದಚಂದದ ವಿಷಯ ಅಲ್ಲ, ನ್ಯಾಯದ ವಿಷಯ, ಎದುರಿಗಿರೋನ ಫೋನಲ್ಲಿ 90 ಫ್ರೇಮ್ ಬರ್ತಿದ್ರೆ ಅವನಿಗೆ ನಾನು ಮೊದ್ಲು ಕಾಣ್ತೀನಿ. ಇನ್ನೊಂದು, ಶುರುವಿನ ಟಿಯರ್‌ಗಳಲ್ಲಿ (ಕೆಳಗಿನ ಹಂತಗಳಲ್ಲಿ) ಎದುರು ಬರೋರಲ್ಲಿ ಸುಮಾರು ಜನ ಕಂಪ್ಯೂಟರ್ ಆಡಿಸೋ ಬಾಟ್‌ಗಳು, ನೇರ ನಿಂತು ಗುಂಡು ಹಾರಿಸೋ, ಗೋಡೆ ಮರೆಗೆ ಹೋಗದ ಬಾಟ್‌ಗಳು. ಹೊಸಬರಿಗೆ ಮೊದಲ ಚಿಕನ್ ಡಿನ್ನರ್, ಅಂದ್ರೆ ಮೊದಲ ಗೆಲುವು, ಸಿಗೋದು ಬಹುಪಾಲು ಇವರನ್ನ ಹೊಡೆದೇ. ಅದನ್ನ ಗೇಮ್ ಎಲ್ಲೂ ಬಾಯಿಬಿಟ್ಟು ಹೇಳಲ್ಲ, ಹಾಗಾಗಿ ವಿಮರ್ಶೆ ಬರೆಯೋರು ಹೇಳಬೇಕು. ಆದ್ರೂ ಎರಂಗೆಲ್ ಮ್ಯಾಪಲ್ಲಿ ಆಡೋ ಜಾಗ ಕುಗ್ಗಿ ಕುಗ್ಗಿ ಉಳಿಯೋ ಕೊನೇ ಸರ್ಕಲ್‌ನ ಆ ನಿಶ್ಶಬ್ದ, ಹೆಡ್‌ಫೋನಲ್ಲಿ ಹುಲ್ಲಿನ ಮೇಲಿನ ಹೆಜ್ಜೆ ಶಬ್ದ ಯಾವ ದಿಕ್ಕಿಂದ ಅಂತ ಹುಡುಕೋದು, ಅಂಥಾ ಟೆನ್ಷನ್ ಕೊಡೋ ಗೇಮ್ ದೊಡ್ಡ ಕನ್ಸೋಲಲ್ಲೂ ಕಮ್ಮಿ.

ಗೆನ್‌ಶಿನ್ ಇಂಪ್ಯಾಕ್ಟ್ ಥರದ್ದು ಬರೆಯುವಾಗ ಮೊದ್ಲು ಲೆಕ್ಕ ಹಾಕಿ ಇಡ್ತೀನಿ. ಅದರಲ್ಲಿ ಪಾತ್ರಗಳು ಲಾಟರಿ ಎತ್ತಿದ ಹಾಗೆ ಸಿಗೋದು, ಅಪರೂಪದ ಫೈವ್ ಸ್ಟಾರ್ ಪಾತ್ರ ಒಂದು ಸಲ ಎತ್ತಿದ್ರೆ ಸಿಗೋ ಸಾಧ್ಯತೆ 0.6 ಪರ್ಸೆಂಟು. 90 ಸಲಕ್ಕೆ ಒಂದು ಗ್ಯಾರಂಟಿ, ಒಂದು ಸಲಕ್ಕೆ ಗೇಮ್ ಒಳಗಿನ ದುಡ್ಡು 160 ಪ್ರಿಮೊಜೆಮ್, ಅಂದ್ರೆ 90 ಸಲಕ್ಕೆ 14,400. ಅದೂ ನಾವು ಕೇಳಿದ ಪಾತ್ರನೇ ಬರತ್ತೆ ಅಂತಿಲ್ಲ, ಬೇರೆಯವರು ಬಂದ್ಬಿಟ್ರೆ ಇನ್ನೊಂದು 90ರ ತನಕ ಹೋಗ್ಬೇಕಾಗ್ಬೋದು. ಜೊತೆಗೆ ರೆಸಿನ್ ಅನ್ನೋ ಶಕ್ತಿ, 8 ನಿಮಿಷಕ್ಕೆ ಒಂದು ತುಂಬತ್ತೆ, ಅದು ಖಾಲಿ ಆದ್ರೆ ಪಾತ್ರ ಬೆಳೆಸೋ ಕೆಲಸ ನಿಂತ್ಹಾಗೆ. ಒಳಗಿರೋ ಪ್ರಪಂಚ ಮಾತ್ರ ತುಂಬಾ ಚೆಂದ, ಲಿಯುವೆ ಬಂದರಿಗೆ ಮೊದಲ ಸಲ ಇಳಿದಾಗ ಕೇಳೋ ಸಂಗೀತ ನನಗೆ ಇವತ್ತಿಗೂ ಇಷ್ಟ. ಅದಕ್ಕೇ ಬೇಜಾರು, ಅಷ್ಟು ಪ್ರೀತಿಯಿಂದ ಕಟ್ಟಿದ ಜಾಗದ ಬಾಗಿಲಲ್ಲಿ ಲಾಟರಿ ಅಂಗಡಿ ಇಟ್ಟಿದಾರೆ. ಇಂಥ ಗೇಮಿಗೆ ನಾನು ಮೊದ್ಲು ಒಂದು ರೂಪಾಯಿನೂ ಹಾಕದೆ ಆಡಿ, ಎಲ್ಲಿ ಗೋಡೆ ಅಡ್ಡ ಬರತ್ತೆ ಅಂತ ಬರೀತೀನಿ, ಕಾಲೇಜ್ ಹುಡುಗರಿಗೆ ಬೇಕಾಗಿರೋ ಮಾಹಿತಿ ಅದು.

ಯಾವ ಮಷೀನಲ್ಲಿ ಆಡ್ದೆ ಅನ್ನೋದನ್ನ ಮೊದಲ ಪ್ಯಾರಾದಲ್ಲೇ ಹಾಕ್ತೀನಿ. ಸೈಬರ್‌ಪಂಕ್ 2077 ಇದಕ್ಕೆ ಎಲ್ಲರಿಗೂ ಗೊತ್ತಿರೋ ಪಾಠ. 2020ರ ಡಿಸೆಂಬರ್ 10ಕ್ಕೆ ಬಂತು, ಬಿಡುಗಡೆಗೆ ಮುಂಚೆ ವಿಮರ್ಶಕರಿಗೆ ಸಿಕ್ಕಿದ್ದು ಪಿಸಿ ಕಾಪಿ ಮಾತ್ರ, ಹೊಗಳಿಕೆ ಎಲ್ಲಾ ಅದರ ಮೇಲೆ ಬಂತು, ಸೋನಿಯ ಹಳೇ ಕನ್ಸೋಲ್ ಪಿಎಸ್4ರಲ್ಲಿ ದುಡ್ಡು ಕೊಟ್ಟು ತಗೊಂಡವರಿಗೆ ಸಿಕ್ಕಿದ್ದು ಬೇರೆನೇ ಗೇಮು. ಸೋನಿ ತನ್ನ ಸ್ಟೋರಿಂದ ಅದನ್ನ ತೆಗೆದುಹಾಕ್ತು, ವಾಪಸ್ ಹಾಕಿದ್ದು 2021ರ ಜೂನಲ್ಲಿ. ಆಮೇಲೆ 2023ರಲ್ಲಿ 2.0 ಅಪ್‌ಡೇಟ್ ಬಂದು ಸ್ಕಿಲ್ಲು, ಪೊಲೀಸು ಎಲ್ಲಾ ಬದಲಾಗಿ ಈಗ ನಿಜವಾಗ್ಲೂ ಒಳ್ಳೇ ಗೇಮ್ ಆಗಿದೆ. ಈಗ ಯಾವ ಸೈಬರ್‌ಪಂಕ್ ಬಗ್ಗೆ ಯಾರು ಹೇಳ್ತಿರೋದು? ಹಾಗಾಗಿ ತಾರೀಖು, ವರ್ಷನ್ನು, ಮಷೀನು, ಎಷ್ಟು ಆಡಿದೀನಿ, ಮುಗಿಸಿದೀನಾ ಇಲ್ವಾ, ಎಲ್ಲಾ ಬರೀತೀನಿ. ಮುಗಿಸದೇ ಬರೆಯೋದು ತಪ್ಪಲ್ಲ, ಹೇಳದೇ ಇರೋದು ತಪ್ಪು.

ಮಾರ್ಕ್ಸ್ ಕೊಡಲ್ಲ. ಫಾಲೌಟ್ ನ್ಯೂ ವೇಗಸ್ ಗೇಮಿಗೆ ವಿಮರ್ಶಕರ ಮಾರ್ಕ್ಸ್ ಸರಾಸರಿ ತೋರಿಸೋ ಮೆಟಾಕ್ರಿಟಿಕ್ ಸೈಟಲ್ಲಿ 85 ಬಂದಿದ್ರೆ ಅದನ್ನ ಮಾಡಿದ ಅಬ್ಸಿಡಿಯನ್ ಸ್ಟುಡಿಯೋಗೆ ಬೋನಸ್ ಇತ್ತಂತೆ, ಬಂದಿದ್ದು 84, ಬೋನಸ್ ಸಿಗಲಿಲ್ಲ ಅಂತ ಅಲ್ಲಿ ಕೆಲಸ ಮಾಡಿದವರೇ ಆಮೇಲೆ ಹೇಳಿದ್ರು. ನಾನು ಬರೆದಿದ್ದಕ್ಕೆ ಅಷ್ಟು ಬಲ ಇಲ್ಲ, ಗೊತ್ತು, ಆದ್ರೂ ನಂಬರ್ ಇದ್ರೆ ಓದೋರ ಕಣ್ಣು ಸೀದಾ ಅಲ್ಲಿಗೇ ಹೋಗತ್ತೆ, ಮೇಲೆ ಬರೆದ ಹತ್ತು ಪ್ಯಾರಾ ವ್ಯರ್ಥ.

ನನಗೆ ತುಂಬಾ ಕಷ್ಟ ಆಗಿದ್ದು ರಾಜಿ ಬಗ್ಗೆ ಬರೆಯೋದು. ಪುಣೆಯ ನಾಡಿಂಗ್ ಹೆಡ್ಸ್ ಅನ್ನೋ ಚಿಕ್ಕ ತಂಡ 2020ರಲ್ಲಿ ತಂದ ಗೇಮು, ತಮ್ಮನ್ನ ಹುಡುಕ್ಕೊಂಡು ಹೋಗೋ ಹುಡುಗಿ, ದುರ್ಗೆ ಮತ್ತೆ ವಿಷ್ಣು ಮಾತಾಡ್ತಾ ಕಥೆ ಹೇಳ್ತಾರೆ, ಮಧ್ಯೆ ಮಧ್ಯೆ ಬರೋ ದೃಶ್ಯಗಳು ನೆರಳು ಗೊಂಬೆಯಾಟದ ಥರ, ನಮ್ಮ ತೊಗಲು ಗೊಂಬೆ ನೋಡಿ ಬೆಳೆದವರಿಗೆ ಮೈ ಜುಮ್ ಅನ್ಸತ್ತೆ. ಕಂಬ ಸುತ್ತಿ, ಗೋಡೆ ಮೇಲಿಂದ ಹಾರಿ ಹೊಡೆಯೋ ಐಡಿಯಾ ತುಂಬಾ ಚೆನ್ನಾಗಿದೆ. ಆದ್ರೆ ಕೈಗೆ ಬಂದಾಗ ಹೊಡೆತಕ್ಕೂ ಬಟನ್ನಿಗೂ ನಡುವೆ ಸಡಿಲ ಇದೆ, ದೂರದಲ್ಲಿ ನಿಲ್ಲೋ ಕ್ಯಾಮೆರಾದಲ್ಲಿ ಜಂಪ್ ಎಷ್ಟು ದೂರ ಅಂತ ಅಂದಾಜು ಸಿಗಲ್ಲ, ಕಥೆ ಇನ್ನೇನು ಬಿಗಿಯಾಗ್ತಿದೆ ಅನ್ನೋ ಹೊತ್ತಿಗೆ ಥಟ್ ಅಂತ ಮುಗಿದುಹೋಗತ್ತೆ. ನಮ್ಮವರು ಮಾಡಿದ್ದು, ಸ್ವಲ್ಪ ಬಿಟ್ಟುಕೊಡ್ಬಾರ್ದಾ ಅಂತ ಸ್ನೇಹಿತರೇ ಹೇಳಿದ್ರು. ನಾನು ಬಿಟ್ಟುಕೊಡಲಿಲ್ಲ. ಸೆಲೆಸ್ಟ್‌ನ ಜಂಪನ್ನ ಫ್ರೇಮ್ ಫ್ರೇಮ್ ನೋಡಿದ ಮೇಲೆ ರಾಜಿಯ ಜಂಪನ್ನ ನೋಡದೇ ಬಿಟ್ರೆ ಅದು ನಮ್ಮವರಿಗೆ ಮಾಡೋ ಅವಮಾನ, ಇವರಿಂದ ಇಷ್ಟೇ ಸಾಧ್ಯ ಅಂತ ಹೇಳಿದ ಹಾಗೆ. ಎರಡನೇ ಗೇಮ್ ಮಾಡೋರಿಗೆ ಆ ವಿವರ ಬೇಕಾಗತ್ತೆ, ಹೊಗಳಿಕೆ ಎಲ್ಲಿ ಬೇಕಾದ್ರೂ ಸಿಗತ್ತೆ.

ದುಡ್ಡಿನ ವಿಷಯ ಕೇಳೋರಿಗೆ, ನಾನು ಸೇಲಲ್ಲಿ ತಗೊಳ್ತೀನಿ, ಹಾಗಾಗಿ ಬಿಡುಗಡೆ ದಿನ ಬರೆಯೋದು ಅಪರೂಪ, ಅದರಿಂದ ಒಳ್ಳೇದೇ ಆಗಿದೆ, ಗದ್ದಲ ಇಳಿದಿರತ್ತೆ, ತಪ್ಪು ತಿದ್ದೋ ಪ್ಯಾಚ್ ಬಂದಿರತ್ತೆ. ಪಿಸಿ ಗೇಮ್ ಮಾರೋ ಆನ್‌ಲೈನ್ ಅಂಗಡಿ ಸ್ಟೀಮಲ್ಲಿ ತಗೊಂಡ 14 ದಿನದೊಳಗೆ, 2 ಗಂಟೆಗಿಂತ ಕಮ್ಮಿ ಆಡಿದ್ರೆ ರಿಫಂಡ್ ಸಿಗತ್ತೆ, ಓದೋರಿಗೆ ನಾನು ಪ್ರತಿ ಸಲ ಹೇಳೋದು ಆ ಎರಡು ಗಂಟೆಯಲ್ಲಿ ಏನೇನು ಚೆಕ್ ಮಾಡ್ಬೇಕು ಅಂತ. ಬೇರೆಯವರ ವಿಮರ್ಶೆ ನನ್ನ ಡ್ರಾಫ್ಟ್ ಮುಗಿಯೋವರೆಗೂ ಓದಲ್ಲ, ಆಮೇಲೆ ಎಲ್ಲಾ ಓದ್ತೀನಿ, ಮುಖ್ಯವಾಗಿ ನನಗೆ ವಿರುದ್ಧ ಇರೋದನ್ನ.

ಸದ್ಯಕ್ಕೆ ಹಾಲೋ ನೈಟ್ ಸಿಲ್ಕ್‌ಸಾಂಗ್ ಮೇಲೆ ಬರೀತಿದೀನಿ, 2025ರ ಸೆಪ್ಟೆಂಬರಲ್ಲಿ ಬಂದಾಗಿಂದ ಅತೀ ಕಷ್ಟ ಅನ್ನೋರು, ಕಲಿತು ಆಡ್ರೋ ಅನ್ನೋರು ಅಂತ ಎರಡು ಬಣ ಆಗಿದೆ, ಮೊದಲ ಪ್ಯಾಚಲ್ಲೇ ಶುರುವಿನ ಒಂದೆರಡು ಬಾಸ್‌ಗಳನ್ನ (ದಾರಿಗೆ ಅಡ್ಡ ನಿಲ್ಲೋ ದೊಡ್ಡ ಶತ್ರುಗಳನ್ನ) ಸ್ವಲ್ಪ ಮೆತ್ತಗೆ ಮಾಡಿದ್ರು. ನನ್ನ ನೋಟ್‌ಬುಕ್ಕಲ್ಲಿ ಜಾಸ್ತಿ ಇರೋದು ಲಾಸ್ಟ್ ಜಡ್ಜ್ ಬಾಸ್ ಬಗ್ಗೆ. ಬಾಸ್ ಫೈಟ್ ಅದ್ಭುತ, ಪ್ರತಿ ಹೊಡೆತಕ್ಕೂ ಮುಂಚೆ ಸುಳಿವಿದೆ, ಸೋತಾಗ ತಪ್ಪು ನನ್ನದೇ ಅಂತ ಗೊತ್ತಾಗತ್ತೆ, ಸತ್ತು ಬೀಳುವಾಗ ಸಿಡಿಯೋದು ಕೂಡ ಆ ಪಾತ್ರಕ್ಕೆ ಒಪ್ಪತ್ತೆ. ಆದ್ರೆ ಸೋತ ಪ್ರತಿ ಸಲ, ಸತ್ತವರು ಮತ್ತೆ ಶುರು ಮಾಡೋ ಜಾಗ ಆದ ದೂರದ ಬೆಂಚಿಂದ ಎದ್ದು ಗಾಳಿ ಬೀಸೋ ಆ ಬಂಡೆಗಳ ದಾರಿ ಪೂರ್ತಿ ಮತ್ತೆ ಓಡ್ಕೊಂಡು ಬರ್ಬೇಕು, ಆ ಓಟದಲ್ಲಿ ಒಂದೆರಡು ಸಲ ಆದ್ಮೇಲೆ ಕಲಿಯೋದು ಏನೂ ಉಳಿದಿರಲ್ಲ. ಆ ಬೆಂಚು ಬಾಸ್ ಬಾಗಿಲ ಹತ್ರ ಇದ್ದಿದ್ರೆ ಗೇಮ್ ಒಂದು ಚೂರೂ ಸುಲಭ ಆಗ್ತಿರ್ಲಿಲ್ಲ ಅನ್ನೋದು ನನ್ನ ವಾದ, ಅದನ್ನ ಒಪ್ಪದೇ ಇರೋರು ಆ ದಾರಿಯಿಂದ ತಮಗೆ ಏನ್ ಸಿಕ್ತು ಅಂತ ಬರೀರಿ, ಲೇಖನಕ್ಕೆ ನಿಮ್ಮ ಮಾತೂ ಸೇರಿಸ್ತೀನಿ.